ಅಂಗೈಯಗಲದ ಕಡಲು

ಮೈಸೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ದಾಟಿ ಕೊಡಗಿನ ಬೆಟ್ಟ ಹತ್ತುತ್ತದೆ. ಕಡಲಿರುವುದು ಆ ಬೆಟ್ಟಗಳಾಚೆ. ಈ ಸೀಮೆಯ ಹೊಳೆಗಳು ಮಾತ್ರ ಅದಕ್ಕೆ ಬೆನ್ನು ಹಾಕಿವೆ: ಎಚ್.ಡಿ. ಕೋಟೆಯ ಕಪಿಲೆ, ಹುಣಸೂರಿನ ಲಕ್ಷ್ಮಣತೀರ್ಥ, ಕೆ.ಆರ್. ನಗರದ ಕಾವೇರಿ ಕೊನೆಗೆ ಒಂದೇ ಹೊಳೆಯಾಗಿ ಬಂಗಾಳ ಕೊಲ್ಲಿಯತ್ತ ಸಾಗುತ್ತವೆ. ಅಲೆಯ ಸದ್ದು ತಲುಪದ ಈ ಊರುಗಳಲ್ಲೂ ಕಡಲನ್ನು ಮನೆಗೆ ಕರೆಯುವುದು ವಾಡಿಕೆ. ಗೌರಿಹಬ್ಬಕ್ಕೋ ವರಮಹಾಲಕ್ಷ್ಮಿ ವ್ರತಕ್ಕೋ ಕಲಶ ಇಟ್ಟಾಗ ಹೇಳುವ ಮಂತ್ರದ ಪ್ರಕಾರ ಸಕಲ ಸಾಗರಗಳೂ ಆ ಚೊಂಬಿನ ಹೊಟ್ಟೆಯಲ್ಲಿವೆ. ಬೋರ್‌ವೆಲ್ ನೀರು, ನಾಲ್ಕು ಮಾವಿನೆಲೆ, ಒಂದು ತೆಂಗಿನಕಾಯಿ. ಅಷ್ಟಕ್ಕೇ ಕಡಲು ಬಂದು ಕೂತಿರುತ್ತದೆ.

ಎಲ್ಲೆಯಿಲ್ಲದ್ದು ಎಲ್ಲೆಯುಳ್ಳದ್ದರೊಳಗೆ ಬಂದು ಕೂರುವುದು ಹೇಗೆ? ದೇವರ ಮೂರ್ತಿಯ ವಿಷಯದಲ್ಲಿ ಎಷ್ಟೋ ಸಲ ಎದ್ದಿರುವ ಈ ಪ್ರಶ್ನೆಯನ್ನು ದೇವರ ಗೊಡವೆಯೇ ಇಲ್ಲದೆ, ಕೈಯಲ್ಲಿ ಅಂಟು ಮೆತ್ತಿಕೊಂಡು ಎದುರಿಸುವವರಿದ್ದಾರೆ. ಅವರು ಮಾದರಿ ಹಡಗುಗಳಿಗೆ ಕಡಲಿನ ಪೀಠ ಮಾಡುವವರು.

ಈ ಕಸುಬಿನಲ್ಲಿ ಹಡಗಿಗಿಂತ ನೀರೇ ಕಷ್ಟ. 250 ಮೀಟರಿನ ಹಡಗು 1:700ರ ಅಳತೆಯಲ್ಲಿ ಸುಮಾರು 36 ಸೆಂಟಿಮೀಟರಿಗೆ ಇಳಿಯುತ್ತದೆ. 3 ಮೀಟರಿನ ಅಲೆ 4 ಮಿಲಿಮೀಟರಿಗಿಂತ ಕೊಂಚ ಮೇಲೆ. ಹೊಸಬರು ಅಲೆಯನ್ನು ಹೆಬ್ಬೆರಳಿನಷ್ಟು ಎಬ್ಬಿಸಿಬಿಡುತ್ತಾರೆ, ಹಡಗು ಆಟಿಕೆಯಾಗಿಬಿಡುತ್ತದೆ. ಪಳಗಿದವರು ಥರ್ಮೋಕೋಲಿನಲ್ಲಿ ಹಡಗಿನ ತಳದ ಆಕಾರಕ್ಕೆ ಗುಳಿ ತೋಡಿ, ಮೇಲೆ ಸುಕ್ಕುಗಟ್ಟಿಸಿದ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಕಡು ಹಸಿರು–ನೀಲಿ ಬಳಿದು, ಹೊಳಪಿನ ಅಕ್ರಿಲಿಕ್ ಜೆಲ್ಲನ್ನು ಪದರ ಪದರವಾಗಿ ಹಚ್ಚುತ್ತಾರೆ. ಎಪಾಕ್ಸಿ ರಾಳ ಸುರಿಯುವವರೂ ಇದ್ದಾರೆ. ಅದು ಗಟ್ಟಿಯಾಗುವಾಗ ತಾನೇ ಕಾಯುತ್ತದೆ. ಒಮ್ಮೆಲೇ ದಪ್ಪಗೆ ಸುರಿದರೆ ಬಿರುಕು ಬಿಡುತ್ತದೆ. ಗಾಳಿಯ ದಿಕ್ಕು ಬಾವುಟಕ್ಕೂ ಹೊಗೆಗೂ ಅಲೆಗೂ ಒಂದೇ ಇರಬೇಕು. ಹಡಗಿನ ಹಿಂದೆ ಚಾಚುವ ನೀರಿನ ಬೆಣೆಯಾಕಾರದ ಜಾಡಿಗೂ ಲೆಕ್ಕವಿದೆ. ಆಳದ ನೀರಿನಲ್ಲಿ ಅದರ ಕೋನ ಹೆಚ್ಚುಕಡಿಮೆ 39 ಡಿಗ್ರಿ ಎಂದು 1887ರಲ್ಲಿ ಕೆಲ್ವಿನ್ ತೋರಿಸಿಕೊಟ್ಟ. ಕಬಿನಿ ಹಿನ್ನೀರಿನಲ್ಲಿ ಈಜುವ ಬಾತುಕೋಳಿಗೂ ಸಾಗರದ ಸರಕು ಹಡಗಿಗೂ ಅದೇ ನಿಯಮ.

ಇಷ್ಟೆಲ್ಲ ಪಾಡು ಏಕೆ? ನಿಜವಾದ ನೀರಿನ ಮೇಲೇ ತೇಲಿಸಿದರೆ ಸಾಲದೇ?

ಸಾಲದು. ಈ ಕಸುಬಿನ ತಿರುಳಿರುವುದೇ ಇಲ್ಲಿ. ನೀರು ಕುಗ್ಗುವುದಿಲ್ಲ. ಹಡಗನ್ನು ನೂರು ಪಾಲು ಚಿಕ್ಕದು ಮಾಡಬಹುದು, ಹನಿಯನ್ನು ಮಾಡಲಾಗದು. ಮೇಲ್ಮೈ ಸೆಳೆತ ಅದನ್ನು ತನ್ನದೇ ಗಾತ್ರದಲ್ಲಿ ಹಿಡಿದಿಡುತ್ತದೆ. ಅಲೆಯ ವೇಗ ಅದರ ಉದ್ದದ ವರ್ಗಮೂಲವನ್ನು ಅನುಸರಿಸುವುದರಿಂದ 1:100ರ ಮಾದರಿಯಲ್ಲಿ ಅಲೆಗಳು ಹತ್ತು ಪಟ್ಟು ಅವಸರದಲ್ಲಿ ಕುಣಿಯುತ್ತವೆ. ಹಡಗಿಗೂ ಮಾದರಿಗೂ ನಡುವಿನ ಈ ನಂಟನ್ನು ವಿಲಿಯಂ ಫ್ರೌಡ್ 1872ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಆರಂಭಿಸಿದ ಪರೀಕ್ಷಾ ತೊಟ್ಟಿಯಲ್ಲಿ ವರ್ಷಗಟ್ಟಲೆ ಅಳೆದ. ಸಿನಿಮಾದವರು ಚಿತ್ರದ ವೇಗ ತಗ್ಗಿಸಿ ಅವಸರವನ್ನೇನೋ ಮುಚ್ಚಿದರು. ದ್ರಾಕ್ಷಿಯಷ್ಟು ದಪ್ಪಗೆ ಕಾಣುವ ಹನಿಗಳನ್ನು ಮುಚ್ಚಲಾಗಲಿಲ್ಲ. ನಿಜವಾದ ನೀರು ಸುಳ್ಳಾಗಿ ಕಾಣುತ್ತದೆ, ರಾಳದ ನೀರು ನಿಜವಾಗಿ ಕಾಣುತ್ತದೆ. ದೊಡ್ಡದನ್ನು ಕತ್ತರಿಸಿ ಚಿಕ್ಕದು ಮಾಡಲಾಗದು, ಚಿಕ್ಕದಕ್ಕೆ ತನ್ನದೇ ಧರ್ಮವಿದೆ ಎಂಬುದು ಇಲ್ಲಿ ಬೆರಳ ತುದಿಗೆ ತಿಳಿಯುತ್ತದೆ.

ಕಲಶ ಇಡುವವರು ಈ ತೊಡಕಿಗೆ ಸಿಲುಕುವುದೇ ಇಲ್ಲ. ಅವರ ಕಡಲು ನೀರೇ, ಆದರೆ ಕಡಲಿನಂತೆ ಕಾಣಬೇಕೆಂಬ ಹಟ ಅದಕ್ಕಿಲ್ಲ. ಅಲೆಯಿಲ್ಲ, ನೊರೆಯಿಲ್ಲ, ಉಪ್ಪೂ ಇಲ್ಲ. ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಶಂಕರರು ಕಡಲನ್ನು ಉದಾಹರಣೆಗೆ ತರುವುದು ನೆನಪಾಗಬೇಕಾದ ಜಾಗ ಇದು. ಎಲ್ಲಕ್ಕೂ ಬ್ರಹ್ಮವೇ ಕಾರಣವಾದರೆ ಉಣ್ಣುವವನಿಗೂ ಉಣ್ಣುವ ವಸ್ತುವಿಗೂ ಭೇದವೇ ಅಳಿಯುವುದಿಲ್ಲವೇ ಎಂಬುದು ಅಲ್ಲಿನ ಆಕ್ಷೇಪ. ನೊರೆ, ತೆರೆ, ಗುಳ್ಳೆಗಳು ಕಡಲಿನ ನೀರಿಗಿಂತ ಬೇರೆಯಲ್ಲ, ಹಾಗೆಂದು ನೊರೆ ತೆರೆಯಾಗುವುದಿಲ್ಲ ಎಂಬುದು ಶಂಕರರ ಉತ್ತರ. ನೀರೆಂಬ ನೆಲೆಯಲ್ಲಿ ಚೊಂಬು ಕಡಲಿಗೆ ಕಡಿಮೆಯಲ್ಲ. ಚೊಂಬೆಂಬ ನೆಲೆಯಲ್ಲಿ ಅದು ಕಡಲೂ ಅಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ಕಷ್ಟದ ಭಾಗ. ಭಕ್ತಿ ಮೊದಲನೆಯದನ್ನಷ್ಟೇ ಹಿಡಿದರೆ ಚೊಂಬಿನ ಪೂಜೆಯಾಗುತ್ತದೆ, ತರ್ಕ ಎರಡನೆಯದನ್ನಷ್ಟೇ ಹಿಡಿದರೆ ಬರೀ ಪಾತ್ರೆ ಉಳಿಯುತ್ತದೆ.

ಇದೇ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮೂರನೆಯದೊಂದು ದಾರಿ ಇದೆ. 1433ರಲ್ಲಿ ಟಿಬೆಟ್‌ನಲ್ಲಿ ಶೆರಬ್ ಸೆಂಗೆ ಸ್ಥಾಪಿಸಿದ ಗ್ಯುದ್ಮೆದ್ ತಾಂತ್ರಿಕ ಮಠ ದೇಶ ಬಿಟ್ಟು ಬಂದು ನೆಲೆ ನಿಂತಿರುವುದು ಅಲ್ಲಿ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸೆರಾ ಮಠವಿದೆ, ಪೆನೊರ್ ರಿನ್‌ಪೋಚೆ 1963ರಲ್ಲಿ ಕಟ್ಟತೊಡಗಿದ ನಮ್‌ಡ್ರೋಲಿಂಗ್ ಇದೆ. 1971ರಲ್ಲಿ ದಲಾಯಿ ಲಾಮಾ ಕಾಲಚಕ್ರ ದೀಕ್ಷೆ ನೀಡಿದ್ದೂ ಬೈಲಕುಪ್ಪೆಯಲ್ಲೇ. ಕಾಲಚಕ್ರ ಮಂಡಲದಲ್ಲಿ ದೇವತೆಗಳ ಅರಮನೆಯ ಸುತ್ತ ಭೂಮಿ, ನೀರು, ಬೆಂಕಿ, ಗಾಳಿಗಳ ವಲಯಗಳಿರುತ್ತವೆ. ಮರಳಿನ ಮಂಡಲವಾದರೆ ಆ ನೀರೂ ಮರಳೇ. ಉದ್ದನೆಯ ಲೋಹದ ಕೊಳವೆಯ ಏಣುಗಳ ಮೇಲೆ ಇನ್ನೊಂದು ಕಡ್ಡಿ ಉಜ್ಜುತ್ತ, ಬಣ್ಣದ ಪುಡಿಯನ್ನು ಎಳೆ ಎಳೆಯಾಗಿ ಉದುರಿಸುತ್ತ, ಭಿಕ್ಷುಗಳು ದಿನಗಟ್ಟಲೆ ಬಗ್ಗಿ ಕೂರುತ್ತಾರೆ. ಒಣಗಿದ ಪುಡಿ ನೀರಿನ ಪರವಾಗಿ ನಿಲ್ಲುತ್ತದೆ. ವಸ್ತುವೂ ಬೇರೆ, ಹೋಲಿಕೆಗೂ ಪಟ್ಟಿಲ್ಲ. ಅದು ಅಲ್ಲಿರಬೇಕಾದ ಕ್ರಮ ಮಾತ್ರ ಕೂದಲೆಳೆಯಷ್ಟೂ ತಪ್ಪುವಂತಿಲ್ಲ.

ಮುಗಿದ ಮೇಲೆ ಅಳಿಸುತ್ತಾರೆ. ಅಂಚಿನಿಂದ ನಡುವಿಗೆ ಗುಡಿಸಿ, ಪುಡಿಯನ್ನು ಪಾತ್ರೆಗೆ ತುಂಬಿ, ಹರಿಯುವ ನೀರಿಗೆ ಸುರಿಯುತ್ತಾರೆ.

ಅದೇ ಮಠಗಳ ಪೀಠದ ಮುಂದೆ ಬೆಳಿಗ್ಗೆ ಏಳು ಬಟ್ಟಲು ನೀರು ಇಡುತ್ತಾರೆ, ಅಂಚಿಗೆ ಒಂದು ಜವೆ ಕಾಳಿನಷ್ಟು ಜಾಗ ಬಿಟ್ಟು. ನೀರಿಗೆ ಬೆಲೆಯಿಲ್ಲ, ಆದ್ದರಿಂದ ಕೊಡುವವನಿಗೆ ಕೊಟ್ಟೆನೆಂಬ ಹೆಮ್ಮೆಯೂ ಕೈಬಿಡಲಾರದ ಜಿಪುಣತನವೂ ಅಂಟುವುದಿಲ್ಲ ಎಂಬುದು ಅವರು ಹೇಳುವ ಕಾರಣ. ಸಂಜೆ ಬಟ್ಟಲು ಬರಿದಾಗುತ್ತದೆ, ಮರುದಿನ ಮತ್ತೆ ತುಂಬುತ್ತದೆ. ಕಲಶಕ್ಕೂ ಹೀಗೆಯೇ: ಆವಾಹನೆ ಮಾಡಿದವರು ಉದ್ವಾಸನೆಯನ್ನೂ ಮಾಡಲೇಬೇಕು. ನೀರನ್ನು ಮನೆಯ ಮೂಲೆಮೂಲೆಗೆ ಚಿಮುಕಿಸಿ, ಉಳಿದದ್ದನ್ನು ತುಳಸಿ ಬುಡಕ್ಕೆ ಹಾಕುತ್ತಾರೆ. ಕರೆದದ್ದಕ್ಕಿಂತ ಕಳುಹಿಸಿಕೊಟ್ಟದ್ದೇ ಇಲ್ಲಿ ಹೆಚ್ಚಿನದು. ಕಳುಹಿಸಿಕೊಡುವ ಕೈ ಇದ್ದುದರಿಂದಲೇ ಚೊಂಬನ್ನು ಕಡಲೆನ್ನುವ ಮಾತು ಸುಳ್ಳಾಗದೆ ಉಳಿಯಿತು. ಕೂರಿಸಿದ್ದನ್ನು ಅಲ್ಲೇ ಬಿಟ್ಟಿದ್ದರೆ ತುಣುಕೇ ಪೂರ್ಣವೆಂದು ನಂಬುವುದು ಎಷ್ಟು ಸುಲಭವಾಗುತ್ತಿತ್ತು!

ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಸುಮಾರು 60 ಅಡಿ ಧುಮುಕುವ ಕಾವೇರಿಯ ಅಬ್ಬರ ಕೋದಂಡರಾಮನ ಗುಡಿಯ ಅಂಗಳವನ್ನೆಲ್ಲ ತುಂಬುತ್ತದೆ. ಗರ್ಭಗುಡಿಯಲ್ಲಿ ನಿಂತರೆ ಮಾತ್ರ ಆ ಸದ್ದು ಕೇಳಿಸದೆಂದು ಭಕ್ತರು ಹೇಳುತ್ತಾರೆ. ಇಷ್ಟು ದೊಡ್ಡ ನೀರಿನ ಪಕ್ಕದಲ್ಲಿದ್ದೂ ಒಳಗೆ ಅದರ ಗೈರುಹಾಜರಿಯನ್ನೇ ಪವಾಡವೆಂದು ಕಾಣುವ ಮನಸ್ಸು ಹೋಲಿಕೆಯ ಹಂಗನ್ನು ಎಂದೋ ದಾಟಿದೆ.

ರಾಳದ ಕಡಲಿಗೆ ಉದ್ವಾಸನೆಯಿಲ್ಲ. ಉಳಿಯುವುದಕ್ಕೆಂದೇ ಮಾಡಿದ್ದು ಅದು, ಒಂದು ಕ್ಷಣವನ್ನು ಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕೆಂದೇ. ಆದರೆ ಅದರ ಒಳ್ಳೆಯ ಕುಶಲಿಗಳು ತಾವು ಮಾಡಿದ್ದು ತುಣುಕೆಂಬುದನ್ನು ಬೇರೊಂದು ಜಾಗದಲ್ಲಿ ಒಪ್ಪಿಕೊಳ್ಳುತ್ತಾರೆ. ಅದು ಪೀಠದ ಅಂಚು. ಅಲ್ಲಿ ನೀರನ್ನು ದುಂಡಗೆ ಇಳಿಸಿದರೆ, ಇಲ್ಲವೇ ಸುತ್ತ ಎತ್ತರದ ಕಟ್ಟೆ ಕಟ್ಟಿದರೆ ಕಡಲು ಕಲ್ಯಾಣಿಯಾಗುತ್ತದೆ. ಅದಕ್ಕೇ ಅವರು ಅಂಚನ್ನು ನೇರವಾಗಿ ಕೊಯ್ದು, ಉಜ್ಜುಕಾಗದದಿಂದ ತಿಕ್ಕಿ, ಏರಿಳಿಯುವ ಅಲೆಯ ಗೆರೆ ಬದಿಯಿಂದ ಕಾಣುವಂತೆ ಬಿಡುತ್ತಾರೆ. ಮರದ ಚೌಕಟ್ಟು ಅಲೆಗಿಂತ ಮೇಲೇಳದಂತೆ ನೋಡಿಕೊಳ್ಳುತ್ತಾರೆ. ಹಡಗಿನ ಜಾಡಿನ ಎರಡು ಗೆರೆಗಳು ಅಗಲವಾಗುತ್ತ ಹೋಗಿ ಆ ಅಂಚಿನಲ್ಲಿ, ಇನ್ನೂ ಮುಗಿಯದೆ, ತುಂಡಾಗುತ್ತವೆ.