ಅಗ್ಗದ ಅನ್ನವೂ ಅಸ್ತೇಯವೂ

ಪತಂಜಲಿ ಮಹರ್ಷಿಯು ಐದು ಯಮಗಳನ್ನು ಎಣಿಸುವಾಗ ಅಸ್ತೇಯವನ್ನೂ ಅಪರಿಗ್ರಹವನ್ನೂ ಬೇರೆಬೇರೆಯಾಗಿಯೇ ಹೇಳಿದನು. ಪರರ ಸ್ವತ್ತನ್ನು ಅಪಹರಿಸದಿರುವುದು ಒಂದು. ತನಗೆ ಬೇಕಾದುದಕ್ಕಿಂತ ಹೆಚ್ಚನ್ನು ಕೂಡಿಡದಿರುವುದು ಮತ್ತೊಂದು. ಅಲ್ಪದಲ್ಲಿ ತೃಪ್ತನಾದವನಿಗೆ ಕದಿಯುವ ಪ್ರಸಂಗವಾದರೂ ಎಲ್ಲಿಯದು, ಎರಡನೆಯದನ್ನು ಪಾಲಿಸಿದವನು ಮೊದಲನೆಯದನ್ನೂ ಪಾಲಿಸಿದಂತೆಯೇ ಆಯಿತಲ್ಲ ಎಂದು ಮೇಲ್ನೋಟಕ್ಕೆ ತೋರುವುದುಂಟು. ಆದರೆ ಮಿತವ್ಯಯದಿಂದ ಬಾಳುವ ಸಜ್ಜನನೂ ತನಗರಿವಿಲ್ಲದೆಯೇ ಇನ್ನೊಬ್ಬರ ಪಾಲನ್ನು ಉಣ್ಣಬಲ್ಲನೆಂಬುದು ನನ್ನ ಮನಸ್ಸಿಗೆ ಚೆನ್ನಾಗಿ ನಾಟಿದ್ದು ಕೆರಿಬಿಯನ್ ಸಮುದ್ರದ ಬೊನೇರ್ ಎಂಬ ಪುಟ್ಟ ದ್ವೀಪದಲ್ಲಿ, ರಜೆ ಕಳೆಯಲೆಂದು ಬಂದ ಸ್ಕೂಬಾ ಡೈವರುಗಳು ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಬಗೆಯನ್ನು ನೋಡುತ್ತಿದ್ದಾಗ.

ವೆನಿಜುವೆಲಾದ ಕರಾವಳಿಗೆ ಸುಮಾರು 80 ಕಿಲೋಮೀಟರು ಉತ್ತರದಲ್ಲಿರುವ ಈ ದ್ವೀಪವು 2010ರಿಂದ ನೆದರ್ಲೆಂಡ್ಸಿನ ನೇರ ಆಡಳಿತಕ್ಕೆ ಸೇರಿದೆ. ಚಲಾವಣೆಯ ನಾಣ್ಯವೋ, 2011ರಿಂದ ಅಮೆರಿಕದ ಡಾಲರು. ಹವಳದ ದಿಬ್ಬವು ದಡಕ್ಕೆ ಅಂಟಿಕೊಂಡೇ ಇರುವುದರಿಂದ ಇಲ್ಲಿ ದೋಣಿಯ ಹಂಗಿಲ್ಲ. ರಸ್ತೆಯಂಚಿನ ಹಳದಿ ಕಲ್ಲಿನ ಮೇಲೆ ಬರೆದ ಹೆಸರನ್ನು ಓದಿ, ಬಾಡಿಗೆಯ ಪಿಕಪ್ ಗಾಡಿಯನ್ನು ನಿಲ್ಲಿಸಿ, ಸಿಲಿಂಡರನ್ನು ಬೆನ್ನಿಗೇರಿಸಿಕೊಂಡು ನಡೆದೇ ಸಮುದ್ರಕ್ಕಿಳಿಯಬಹುದು. ನೀರು ಗಾಳಿಗಿಂತ ಬಹುಪಟ್ಟು ವೇಗದಿಂದ ಮೈಯ ಶಾಖವನ್ನು ಹೀರಿಕೊಳ್ಳುವುದರಿಂದ ಮೇಲೆ ಬಂದವನ ಹಸಿವು ಸಾಮಾನ್ಯವಾದುದಲ್ಲ. ದೇಹದಲ್ಲಿ ಕರಗಿದ ಸಾರಜನಕವು ಕಡಮೆಯಾಗುವ ತನಕ ಮತ್ತೆ ಇಳಿಯಲಾಗದೆ ದಡದಲ್ಲಿ ಕಾಯಬೇಕಾದ ಆ ವಿರಾಮವೇ ಅವನ ಊಟದ ಹೊತ್ತು. ಒದ್ದೆಯ ಉಡುಪನ್ನು ಸೊಂಟದವರೆಗೆ ಕಳಚಿ, ಗಾಡಿಯ ಹಿಂಬದಿಯ ಹಲಗೆಯ ಮೇಲೆ ಕುಳಿತು, ಉಪ್ಪು ಬೆಳ್ಳಗೆ ಒಣಗಿದ ಬೆರಳುಗಳಿಂದ ಬ್ರೆಡ್ಡನ್ನು ಮುರಿದು ನಡುವೆ ಡಚ್ಚರ ಚೀಸಿನ ಹೋಳನ್ನಿಟ್ಟು ತಿನ್ನುವ ತರುಣನ ಮುಖದಲ್ಲಿ ಕಾಣುವ ತೃಪ್ತಿಯು ದೊಡ್ಡ ಹೋಟೆಲಿನ ಪಂಕ್ತಿಯಲ್ಲಿ ಕಾಣಸಿಗುವಂಥದ್ದಲ್ಲ.

ಅಂಥವನಿಗೆ ಅಲ್ಲಿನ ಊಟವು ಅಗ್ಗವಾಗಿ ದೊರೆಯುವುದು ಸುಲಭವೇನಲ್ಲ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯನ್ನು ಮಾತ್ರ ಕಾಣುವ ಆ ನೆಲದಲ್ಲಿ ಪಾಪಾಸುಕಳ್ಳಿ ಬೆಳೆದಷ್ಟು ಸಲೀಸಾಗಿ ಕಾಯಿಪಲ್ಲೆ ಬೆಳೆಯದು. ಹೆಚ್ಚಿನದೆಲ್ಲ ಹಡಗಿನಲ್ಲಿ ಬರಬೇಕು. ಹಿಂದೆ ವೆನಿಜುವೆಲಾದ ದೋಣಿಗಳು ಹಣ್ಣು ತರಕಾರಿಗಳನ್ನು ಕ್ರಾಲೆಂಡೈಕ್ ಪಟ್ಟಣದ ಕಡಲಂಚಿನ ಸಂತೆಗೆ ತಂದು ಮಾರುತ್ತಿದ್ದವು. 2019ರಲ್ಲಿ ಆ ದೇಶವು ತನ್ನ ಗಡಿಯನ್ನು ಮುಚ್ಚಿದೊಡನೆ ಆ ವ್ಯಾಪಾರವೂ ನಿಂತುಹೋಯಿತು. ಆದುದರಿಂದ ಮಿತವ್ಯಯಿಯು ಅಡುಗೆಮನೆಯುಳ್ಳ ವಸತಿಯನ್ನು ಹಿಡಿಯುತ್ತಾನೆ, ಸೂಪರ್‌ಮಾರ್ಕೆಟ್ಟಿನಿಂದ ಅಕ್ಕಿ ಮೊಟ್ಟೆಗಳನ್ನು ತಂದು ಬೇಯಿಸುತ್ತಾನೆ, ಸಮುದ್ರದ ನೀರನ್ನೇ ಸಿಹಿಯಾಗಿಸಿ ನಲ್ಲಿಯಲ್ಲಿ ಹರಿಸುವ ಊರಿನಲ್ಲಿ ಬಾಟಲಿಯ ನೀರಿಗೆ ಕಾಸು ಹಾಕುವುದಿಲ್ಲ. ಕೆಲವರಂತೂ ಊರಿನಿಂದ ಹೊರಡುವಾಗಲೇ ಪೆಟ್ಟಿಗೆಯ ಅರ್ಧದಷ್ಟು ಒಣ ತಿನಿಸನ್ನು ತುಂಬಿಕೊಂಡು ಬರುತ್ತಾರೆ. ಇದರಲ್ಲಿ ದೋಷವೆಣಿಸಲು ನನಗೆ ಮನಸ್ಸಿಲ್ಲ. ವರ್ಷವೆಲ್ಲ ದುಡಿದು ಉಳಿಸಿದ ಹಣದಿಂದ ಸೃಷ್ಟಿಯ ಒಂದು ಸೌಂದರ್ಯವನ್ನು ಕಣ್ಣಾರೆ ಕಾಣಬಂದವನು ನಾಲಗೆಯ ಭೋಗವನ್ನು ತಗ್ಗಿಸಿ ಕಣ್ಣಿನ ಭಾಗ್ಯವನ್ನು ಹೆಚ್ಚಿಸಿಕೊಳ್ಳುವುದು ಒಂದು ಬಗೆಯ ತಪಸ್ಸೇ ಸರಿ.

ಆದರೆ ಅಗ್ಗವೆಂಬುದು ಎರಡು ದಾರಿಗಳಿಂದ ಬರುತ್ತದೆ. ಉಣ್ಣುವವನು ತನ್ನ ಆಸೆಯನ್ನು ಕುಗ್ಗಿಸಿಕೊಂಡರೂ ಅನ್ನವು ಅಗ್ಗವಾಗುತ್ತದೆ. ಉಣಿಸುವವನ ಪಾಲನ್ನು ಕುಗ್ಗಿಸಿದರೂ ಅಗ್ಗವಾಗುತ್ತದೆ. ಬೆಲೆಯ ಚೀಟಿಯಲ್ಲಿ ಈ ಎರಡಕ್ಕೂ ಅಂಕೆ ಒಂದೇ. ಧರ್ಮದ ಲೆಕ್ಕದಲ್ಲಿ ಮಾತ್ರ ಇವು ಪರಸ್ಪರ ವಿರುದ್ಧವಾದುವು. ಗೀತೆಯ ಮೂರನೆಯ ಅಧ್ಯಾಯವು ಪಡೆದುದಕ್ಕೆ ಪ್ರತಿಯಾಗಿ ಏನನ್ನೂ ಕೊಡದೆ ಭೋಗಿಸುವವನನ್ನು ಕಳ್ಳನ ಸಾಲಿನಲ್ಲಿಯೇ ನಿಲ್ಲಿಸುತ್ತದೆ. ಅಲ್ಲಿ ಭೋಗದ ಪ್ರಮಾಣವು ಸಣ್ಣದೋ ದೊಡ್ಡದೋ ಎಂಬ ವಿಚಾರಣೆಯೇ ಇಲ್ಲ.

ಅಗ್ಗದ ಎರಡನೆಯ ದಾರಿಯು ಎಲ್ಲಿಗೆ ಒಯ್ಯುವುದೆಂಬುದಕ್ಕೆ ಈ ದ್ವೀಪದ ದಕ್ಷಿಣ ತುದಿಯೇ ಸಾಕ್ಷಿ. ಡಚ್ಚರು 1636ರಲ್ಲಿ ಬೊನೇರನ್ನು ವಶಪಡಿಸಿಕೊಂಡದ್ದರಲ್ಲಿ ಉಪ್ಪಿನ ಆಸೆ ದೊಡ್ಡದು. ಹೆರಿಂಗ್ ಮೀನನ್ನು ಕೆಡದಂತಿಡಲು ಅವರಿಗೆ ಉಪ್ಪು ಬೇಕಿತ್ತು, ಇಲ್ಲಿನ ಬಿಸಿಲೂ ಗಾಳಿಯೂ ಅದನ್ನು ಪುಕ್ಕಟೆಯಾಗಿ ಹೆಪ್ಪುಗಟ್ಟಿಸಿ ಕೊಡುತ್ತಿದ್ದವು. ಅದನ್ನು ಅಗೆದು ಹೊರುವವರ ದುಡಿಮೆಯೂ ಪುಕ್ಕಟೆಯಾಗಬೇಕೆಂದು ಆಫ್ರಿಕದ ಜನರನ್ನು ದಾಸರನ್ನಾಗಿ ತಂದರು. 1850ರಲ್ಲಿ ಅವರಿಗಾಗಿ ಕಟ್ಟಿದ ಕಲ್ಲಿನ ಗುಡಿಸಲುಗಳು ಉಪ್ಪಿನ ಗದ್ದೆಗಳ ಬಳಿ ಸಮುದ್ರಕ್ಕೆ ಅಭಿಮುಖವಾಗಿ ಇಂದಿಗೂ ನಿಂತಿವೆ. ಬೆಳೆದ ಮನುಷ್ಯನು ನೇರವಾಗಿ ಒಳಹೊಗಲಾರನು, ಸೊಂಟ ಬಾಗಿಸಿ ತೆವಳಿದಂತೆಯೇ ನುಸುಳಬೇಕು, ಒಳಗೆ ಮಲಗಲು ಎಡೆಯುಂಟೇ ಹೊರತು ನಿಲ್ಲಲು ಇಲ್ಲ. ವಾರದ ಕೊನೆಗೆ ಹೆಂಡಿರು ಮಕ್ಕಳ ಮುಖ ನೋಡಲೆಂದು ಅವರು ಉತ್ತರದ ರಿಂಕೋನ್ ಗ್ರಾಮದವರೆಗೆ ಸುಮಾರು ಏಳು ಗಂಟೆಗಳ ಕಾಲ ನಡೆದುಹೋಗಿ, ಮತ್ತೆ ಅದೇ ಬಿಸಿಲಿಗೆ ಹಿಂದಿರುಗುತ್ತಿದ್ದರು. 1863ರ ಜುಲೈ 1ರಂದು ದಾಸ್ಯವು ಕಾನೂನಿನಿಂದ ಅಳಿಯಿತು. ಅದಕ್ಕೆ ಮುಂಚೆ ಯೂರೋಪಿನ ಬಡವನೊಬ್ಬನು ಅಗ್ಗದ ಉಪ್ಪುಮೀನನ್ನು ಕೊಂಡು ದೇವರಿಗೆ ಕೃತಜ್ಞನಾಗಿ ಉಂಡಿರಬಹುದು. ಅವನು ಅಪರಿಗ್ರಹಿಯೇ ಆಗಿದ್ದನು, ಲೋಭಿಯಲ್ಲ. ಆದರೂ ಅವನ ತಟ್ಟೆಗೆ ಬಂದದ್ದರಲ್ಲಿ ಕದ್ದ ಭಾಗವೊಂದಿತ್ತು.

ಆ ರಿಂಕೋನ್ ಗ್ರಾಮಕ್ಕೆ ಊಟಕ್ಕೆಂದೇ ಹೋಗಬೇಕು. ದಾಸರಾದವರು ಆಫ್ರಿಕದ ಜೋಳವನ್ನು, ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ತೂಗುವ ಅದೇ ಜೋಳವನ್ನು, ಈ ಬರಡು ಮಣ್ಣಿನಲ್ಲಿ ಬೇರೂರಿಸಿದರು. ಅವರ ಪಾಪಿಯಮೆಂಟು ಭಾಷೆಯಲ್ಲಿ ಅದಕ್ಕೆ ಮೈಶಿ ಚಿಕಿ ಎಂದು ಹೆಸರು. ಸುಗ್ಗಿಯ ಕಾಲದಲ್ಲಿ ಹೊಲದವನು ನೆರೆಹೊರೆಯವರನ್ನು ಕೂಗಿ ಕರೆಯುತ್ತಿದ್ದನು, ಅವರು ಮುಯ್ಯಾಳುಗಳಾಗಿ ಬಂದು ತೆನೆ ಕೊಯ್ದು ಕೊಡುತ್ತಿದ್ದರು, ಅವನು ಕೂಲಿಗೆ ಬದಲಾಗಿ ಎಲ್ಲರಿಗೂ ಹೊಟ್ಟೆ ತುಂಬ ಉಣಿಸುತ್ತಿದ್ದನು. ಸಿಮದಾನ್ ಎಂಬ ಆ ಸುಗ್ಗಿಯ ಹಬ್ಬವನ್ನು ಹಾಡು ಕುಣಿತಗಳೊಡನೆ ಈಗಲೂ ಆಚರಿಸುತ್ತಾರೆ. ಉಪ್ಪಿನ ಗದ್ದೆಯಲ್ಲಿ ಯಾರದನ್ನು ಕಸಿದುಕೊಳ್ಳಲಾಯಿತೋ ಅವರೇ ತಮ್ಮೊಳಗೆ ಕೊಟ್ಟು ಕೊಳ್ಳುವ ಇಂಥ ಧರ್ಮವನ್ನು ಉಳಿಸಿಕೊಂಡರೆಂಬುದನ್ನು ನೆನೆದಾಗಲೆಲ್ಲ ನನ್ನ ತಲೆ ತಾನಾಗಿ ಬಾಗುತ್ತದೆ. ಇಂದಿನ ಊಟದ ಮನೆಗಳಲ್ಲಿ ಮೆಕ್ಕೆಜೋಳದ ಹಿಟ್ಟೇ ಹೆಚ್ಚು. ಅದನ್ನು ಕುದಿನೀರಿನಲ್ಲಿ ಗಟ್ಟಿಯಾಗುವವರೆಗೆ ತಿರುವಿ ಮಾಡುವ ಫುಂಚಿ ನಮ್ಮ ಸಂಗಟಿಯ ಒಡಹುಟ್ಟಿನಂತಿದ್ದು, ಪಕ್ಕದಲ್ಲಿ ಕಬ್ರಿಟು ಸ್ಟೋಬಾ ಎಂಬ ಆಡಿನ ಮಾಂಸದ ಸಾರು, ಅಂಚಿನಲ್ಲಿ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಹೋಳುಗಳು. ಒಂದು ತಟ್ಟೆಯು ಎರಡು ಬಾರಿ ಮುಳುಗಿ ಬಂದವನ ಹಸಿವನ್ನೂ ತಣಿಸೀತು. ಪಟ್ಟಣದ ಕಡಲಂಚಿನ ಭೋಜನಶಾಲೆಗಿಂತ ಇಲ್ಲಿ ಬೆಲೆ ಕಡಮೆ, ಮತ್ತು ತೆತ್ತ ಹಣವು ಬಡಿಸಿದವಳ ಕೈಯಲ್ಲಿಯೇ ಉಳಿಯುತ್ತದೆ. ಇದು ಮೊದಲನೆಯ ದಾರಿಯ ಅಗ್ಗ.

ಹಾಗಾದರೆ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡವನು ಕಳ್ಳನೇ ಎಂದು ಕೇಳಿದರೆ, ಅಲ್ಲವೆಂದೇ ನನ್ನ ಉತ್ತರ. ಕೇಳಿದ ಬೆಲೆಯನ್ನು ಕೊಟ್ಟು, ಡೈವರುಗಳು ತೆರಬೇಕಾದ ಸಮುದ್ರೋದ್ಯಾನದ ಶುಲ್ಕವನ್ನು ತಪ್ಪಿಸದೆ, ಹಡಗಿನಲ್ಲಿ ಬಂದ ಪದಾರ್ಥವನ್ನು ಬಿಸಾಡದೆ ತಿಂದವನ ಮೇಲೆ ಯಾರ ಋಣವೂ ನಿಲ್ಲದು. ನಾನು ಒಪ್ಪದಿರುವುದು ಊರವರ ಪುಟ್ಟ ಅಂಗಡಿಯಲ್ಲಿ ಚೌಕಾಸಿ ಮಾಡಿ, ಬಡಿಸಿದವರಿಗೆ ಮೇಲಿಷ್ಟು ಕೊಡದೆ ಎದ್ದು, ಆ ಉಳಿತಾಯವನ್ನು ಸದ್ಗುಣವೆಂದು ಬಣ್ಣಿಸಿಕೊಳ್ಳುವುದನ್ನು. ಕದ್ದದ್ದು ಮನುಷ್ಯನ ಪಾಲೇ ಆಗಿರಬೇಕೆಂದೂ ಇಲ್ಲ, ಸಮುದ್ರದ ಪಾಲನ್ನೂ ಕದಿಯಬಹುದು. ಹವಳದ ಮೇಲಿನ ಪಾಚಿಯನ್ನು ಮೇಯ್ದು ದಿಬ್ಬವನ್ನು ಬದುಕಿಸುವ ಗಿಳಿಮೀನನ್ನು 2010ರಿಂದ ಅಲ್ಲಿ ಹಿಡಿಯುವಂತಿಲ್ಲ. ಈಟಿಯಿಂದ ಮೀನು ಹೊಡೆಯುವುದನ್ನು 1971ರಲ್ಲಿಯೇ ನಿಷೇಧಿಸಿದರು.

ಈಟಿಯ ಈ ನಿಷೇಧಕ್ಕೆ ಒಂದೇ ಅಪವಾದವುಂಟು. ನಮ್ಮ ಹಿಂದೂ ಮಹಾಸಾಗರಕ್ಕೂ ಶಾಂತಸಾಗರಕ್ಕೂ ಸೇರಿದ ಸಿಂಹಮೀನು ಮನುಷ್ಯನ ಅಜಾಗ್ರತೆಯಿಂದ ಅಟ್ಲಾಂಟಿಕ್ ಸೇರಿ, 2009ರಲ್ಲಿ ಬೊನೇರಿನ ನೀರಿನಲ್ಲಿಯೂ ಕಾಣಿಸಿಕೊಂಡು, ಅಲ್ಲಿನ ಮರಿಮೀನುಗಳನ್ನು ನುಂಗತೊಡಗಿತು. ಅದರ ಮುಳ್ಳಿನಲ್ಲಿ ವಿಷವುಂಟು, ಮಾಂಸದಲ್ಲಿಲ್ಲ. ಅನುಮತಿ ಪಡೆದ ಡೈವರುಗಳು ಅದನ್ನು ಈಟಿಯಿಂದ ಹೊಡೆದು ತರುತ್ತಾರೆ, ಊಟದ ಮನೆಗಳು ಅದನ್ನು ಬೇಯಿಸಿ ಬಡಿಸುತ್ತವೆ. ಆಡಿನ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಕಟ್ಟಿಲ್ಲದೆ ಅಲೆಯುವ ಮಂದೆಗಳು ಪೊದೆಗಳನ್ನು ಬರಿದುಮಾಡಿದ್ದರಿಂದ ಮಣ್ಣು ಮಳೆಗೆ ಕೊಚ್ಚಿಹೋಗಿ ಹವಳದ ಮೇಲೆ ಕುಳಿತುಕೊಳ್ಳುತ್ತದೆ. ಹೀಗಿರುವಾಗ ದ್ವೀಪಕ್ಕೆ ಎಲ್ಲಕ್ಕಿಂತ ಕಡಮೆ ಭಾರವಾದ ಊಟವೆಂದರೆ ಸಿಂಹಮೀನು ಅಥವಾ ಆಡು. ಶಾಕಾಹಾರಿಯಾದ ನನ್ನ ಎಲೆಕೋಸಾದರೋ ಸಾಗರ ದಾಟಿ, ತಣ್ಣನೆಯ ಪೆಟ್ಟಿಗೆಯಲ್ಲಿ ಕುಳಿತು, ಎಣ್ಣೆ ಉರಿಸಿಕೊಂಡು ಬಂದಿದೆ.

ಇಲ್ಲಿ ಅಸ್ತೇಯವೂ ಅಹಿಂಸೆಯೂ ಒಂದೇ ತಟ್ಟೆಯ ಮುಂದೆ ಎದುರುಬದುರಾಗುತ್ತವೆ. ಉಳಿದ ಯಮಗಳಿಗೆಲ್ಲ ಅಹಿಂಸೆಯೇ ಮೂಲವೆಂದು ಪತಂಜಲಿಯ ಸೂತ್ರಗಳ ಮೇಲಿನ ವ್ಯಾಸಭಾಷ್ಯವು ಹೇಳುತ್ತದೆ. ಅದನ್ನು ನಂಬಿ ಬೆಳೆದ ನಾನು ಈಟಿಗೆ ಸಿಕ್ಕ ಮೀನನ್ನು ತಿನ್ನಲಾರೆ. ಆದರೆ ದಿಬ್ಬದ ಸಾವಿರ ಮರಿಗಳಿಗಾಗಿ ಅದನ್ನು ತಿನ್ನುವವನು ನನಗಿಂತ ಕೆಳಗಿನ ಮೆಟ್ಟಿಲಿನಲ್ಲಿದ್ದಾನೆಂದು ಹೇಳುವ ಅಧಿಕಾರವನ್ನು ಆ ಭಾಷ್ಯವು ನನಗೆ ಕೊಟ್ಟಿಲ್ಲ. ನನ್ನ ವ್ರತಕ್ಕೆ ತಗಲುವ ವೆಚ್ಚವನ್ನು ನಾನೇ ತೆರಬೇಕು: ಎಲೆಕೋಸಿಗೆ ಕೇಳಿದಷ್ಟು ಡಾಲರನ್ನು ಗೊಣಗದೆ ಕೊಡಬೇಕು, ಅದೂ ಬೇಡವಾದ ದಿನ ರಿಂಕೋನಿನಲ್ಲಿ ಸಾರಿಲ್ಲದ ಫುಂಚಿಯನ್ನು ಕರಿದ ಬಾಳೆಯೊಡನೆ ತರಿಸಿಕೊಂಡು, ಪೂರ್ತಿ ತಟ್ಟೆಯ ಬೆಲೆಯನ್ನೇ ಅಲ್ಲಿಡಬೇಕು.