ಆಲಸ್ಯವೆಂಬ ಆರೋಪ

ಕೆಲವು ವರ್ಷಗಳ ಹಿಂದೆ ಚಿಕ್ಕಲಸಂದ್ರದ ಒಂದು ಕುಟುಂಬವನ್ನು ಸಂದರ್ಶಿಸಲು ಹೋಗಿದ್ದೆ. ಬೆಳಗಿನ ಹನ್ನೊಂದು ಗಂಟೆ. ಸೊಸೆ ಇನ್ನೂ ಮಲಗಿದ್ದಳು. "ಯಾವಾಗಲೂ ನಿದ್ದೆ ಫಾದರ್, ನೀವಾದರೂ ಬುದ್ಧಿ ಹೇಳಿ" ಎಂದರು ಅತ್ತೆ. ಎದ್ದು ಬಂದವಳ ಮುಖ ಊದಿತ್ತು. ಏಪ್ರಿಲ್ ಸೆಕೆಯಲ್ಲೂ ಶಾಲು ಹೊದ್ದಿದ್ದಳು. ಅದನ್ನು ಕಂಡೂ ನಾನು, "ಮನಸ್ಸು ಗಟ್ಟಿ ಮಾಡಿಕೊಳ್ಳಮ್ಮ, ಪ್ರಾರ್ಥಿಸು" ಎಂದು ಹೇಳಿ ಬಂದೆ.

ಏಳು ಪ್ರಧಾನ ಪಾಪಗಳಲ್ಲಿ ಆಲಸ್ಯವೂ ಒಂದೆಂದು ಗುರುಮಠದಲ್ಲಿ ಕಲಿತಿದ್ದೆವು. ಕೊರಳಲ್ಲಿರುವ ಚಿಟ್ಟೆಯಾಕಾರದ ಗ್ರಂಥಿಯೊಂದು ಸೋತರೆ ಮನುಷ್ಯ ಹೇಗೆ ಕುಸಿಯುತ್ತಾನೆಂಬುದನ್ನು ಯಾರೂ ಕಲಿಸಿರಲಿಲ್ಲ.

ತಿಂಗಳುಗಳ ನಂತರ ರಕ್ತಪರೀಕ್ಷೆಯಾಯಿತು. ಟಿಎಸ್‌ಎಚ್ ಬಹಳ ಏರಿತ್ತು. ಅದು ಹಾಶಿಮೊಟೊ ಕಾಯಿಲೆ. ಜಪಾನಿನ ಶಸ್ತ್ರವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ನಾಲ್ವರು ಮಹಿಳೆಯರ ಥೈರಾಯ್ಡ್ ಗ್ರಂಥಿಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಸ್ವಂತ ಗ್ರಂಥಿಯ ಮೇಲೆ ದಾಳಿಮಾಡುತ್ತದೆಂಬುದಕ್ಕೆ ಪುರಾವೆ ದೊರೆತದ್ದು 1956ರಲ್ಲಿ, ಲಂಡನ್ನಿನಲ್ಲಿ. ಪುರುಷರಿಗಿಂತ ಸ್ತ್ರೀಯರಲ್ಲೇ ಇದು ಹೆಚ್ಚು.

ಲೆವೊಥೈರಾಕ್ಸಿನ್ ಮಾತ್ರೆ ಆ ದಾಳಿಯನ್ನು ನಿಲ್ಲಿಸದು. ಕೊರತೆಯಾದ ಹಾರ್ಮೋನನ್ನು ತುಂಬುತ್ತದೆ, ಅಷ್ಟೆ. ಆದುದರಿಂದ ಬಹುಪಾಲು ರೋಗಿಗಳು ಅದನ್ನು ಜೀವನಪರ್ಯಂತ ಸೇವಿಸಬೇಕು: ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ನೀರಿನೊಂದಿಗೆ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ತಿಂಡಿ ಕೂಡದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಬೇಕು. ಪ್ರಮಾಣ ಬದಲಾದಾಗ 6ರಿಂದ 8 ವಾರಗಳ ನಂತರ ಮರುಪರೀಕ್ಷೆ. ಪ್ರಾರ್ಥನೆಯ ಬಲದಿಂದ ಮಾತ್ರೆ ಬಿಟ್ಟೆವೆನ್ನುವವರನ್ನು ಕಂಡಿದ್ದೇನೆ; ಅದು ವಿಶ್ವಾಸವಲ್ಲ, ದುಡುಕು.

ವರದಿ ಬಂದ ಮೇಲೆ ಮನೆಯವರು ಮೆತ್ತಗಾದರು. ಆದರೆ ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಯೇ ಇದೆ. ಒಬ್ಬಳು "ನನಗೆ ಆಗುತ್ತಿಲ್ಲ" ಎಂದಾಗ ನಂಬಲು ನಮಗೆ ಪ್ರಯೋಗಾಲಯದ ಮೊಹರು ಏಕೆ ಬೇಕು? ಜ್ವರವಾದರೆ ಹಣೆ ಮುಟ್ಟಿ ನೋಡುತ್ತೇವೆ. ದಣಿವನ್ನು ಮುಟ್ಟಲಾಗದು, ಆದ್ದರಿಂದ ಅದನ್ನು ಗುಣದೋಷವೆಂದು ತೀರ್ಪುಕೊಡುತ್ತೇವೆ. ಇನ್ನೊಂದು ತೊಡಕೂ ಇದೆ. ಟಿಎಸ್‌ಎಚ್ ಸರಿಹೋದ ಮೇಲೂ ಕೆಲವರಿಗೆ ಸುಸ್ತು ಉಳಿಯುತ್ತದೆ. ಆಗ ಮೊದಲು ಆಕೆಯ ಪರವಾಗಿ ಸಾಕ್ಷಿ ನುಡಿದ ಚೀಟಿಯೇ ವಿರುದ್ಧ ಸಾಕ್ಷಿಯಾಗುತ್ತದೆ: "ಈಗೆಲ್ಲ ನಾರ್ಮಲ್, ಇನ್ನೇನು ನಿನಗೆ?" ರಕ್ತಹೀನತೆಯೋ ಬೇರೇನೋ ಇದ್ದೀತೆಂದು ವೈದ್ಯರನ್ನು ಕೇಳುವ ಬದಲು ಹಳೆಯ ಆರೋಪವೇ ಮರಳುತ್ತದೆ.

ಮೊನ್ನೆ ಆ ಮನೆಗೆ ಮತ್ತೆ ಹೋಗಿದ್ದೆ. ಈಗ ಬೆಳಿಗ್ಗೆ ಮಾತ್ರೆ, ನೀರಿನ ಲೋಟ ತಂದಿಡುವುದು ಅತ್ತೆಯೇ. ಆಮೇಲೆ ಒಂದು ಗಂಟೆ ಕಳೆದು ಇಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತಾರಂತೆ. ಅಂದಿನ ಮಾತಿಗಾಗಿ ನಾನು ಕ್ಷಮೆ ಕೇಳಿದೆ. ಆಕೆ ನಕ್ಕು, "ಅದನ್ನು ನಾನೂ ನಂಬಿಬಿಟ್ಟಿದ್ದೆ ಫಾದರ್" ಎಂದಳು.