ಎಲ್ಲೀತನಕ ಬಂತ್ರಿ ಕಾದಂಬರಿ?

ಓದಿ ಮುಗಿಸಿದ ಕಾದಂಬರಿಯ ಬಗ್ಗೆ ನಾವೆಲ್ಲ ಬಲ್ಲವರಂತೆ ಮಾತಾಡುತ್ತೇವೆ. ಕೊನೆ ಗೊತ್ತಾದ ಮೇಲೆ ಧೈರ್ಯ ತಾನಾಗಿ ಬರುತ್ತದೆ. ಇನ್ನೂ ಓದುತ್ತಿರುವ ಪುಸ್ತಕದ ವಿಷಯ ಹಾಗಲ್ಲ. ಇಂದು ಹೇಳಿದ್ದನ್ನು ನಾಳೆ ಓದುವ ಪುಟಗಳು ಸುಳ್ಳು ಮಾಡಬಹುದು. ಸಂಕೇಶ್ವರದಲ್ಲಿ ಓದುವ ಚಟ ಇದ್ದವರು ಎದುರಾದರೆ ‘ಯಾವ ಕಾದಂಬರಿ ನಡದೈತ್ರಿ?’ ಅನ್ನುತ್ತಾರೆ, ಅದರ ಬೆನ್ನಿಗೇ ‘ಎಲ್ಲೀತನಕ ಬಂತು?’ ಅನ್ನುತ್ತಾರೆ. ಮೊದಲನೆಯದಕ್ಕೆ ಪುಸ್ತಕದ ಹೆಸರು ಹೇಳಿದರೆ ಮುಗಿಯಿತು. ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ, ಇಷ್ಟೇ ನನಗೆ ಗೊತ್ತು, ಮುಂದಿನದು ಗೊತ್ತಿಲ್ಲ ಎಂದು ಒಪ್ಪಿಕೊಳ್ಳಬೇಕು. ಕಾದಂಬರಿಯನ್ನು ಹಂಚಿಕೊಳ್ಳುವುದು ನಿಜವಾಗಿ ಶುರುವಾಗುವುದು ಆ ಒಪ್ಪಿಗೆಯಿಂದ ಎಂಬುದು ನನ್ನ ವಾದ.

ಚಂದ್ರಶೇಖರ ಕಂಬಾರರ ‘ಕರಿಮಾಯಿ’ಯನ್ನೇ ತೆಗೆದುಕೊಳ್ಳಿ. 1975ರ ಕಾದಂಬರಿ. ಕಂಬಾರರ ಹುಟ್ಟೂರು ಘೋಡಗೇರಿ ನಮ್ಮ ಹುಕ್ಕೇರಿ ತಾಲ್ಲೂಕಿನದೇ. (ಹಾಗಾಗಿ ಕಾದಂಬರಿಯ ಊರಾದ ಶಿವಾಪುರದ ಮಂದಿಯಲ್ಲಿ ಯಾರು ಯಾರೆಂದು ಹುಡುಕುವ ಕೆಟ್ಟ ಚಾಳಿ ನಮ್ಮ ಕಡೆಯ ಓದುಗರಿಗೆ ಇದೆ.) ಚಹಾದಂಗಡಿಯ ಬಾಕಿನ ಮೇಲೆ ಕೂತ ಹುಡುಗನೊಬ್ಬನ ಕೈಯಲ್ಲಿ ಈ ಪುಸ್ತಕ ಇತ್ತು, ಗಡಹಿಂಗ್ಲಜ ಬಸ್ಸಿನ ಟಿಕೀಟು ನಡುವೆ ಇಣುಕುತ್ತಿತ್ತು. ಅವನು ಪೂರಾ ಕಾದಂಬರಿಯೊಳಗಿನ ಗುಡಸೀಕರನ ಪಕ್ಷ. ‘ಕಲತಾಂವ ಅದಾನ್ರಿ, ಊರಿಗಿ ಏನರೆ ಮಾಡಬೇಕಂತಾನ. ಗೌಡ ಯಾಕ ಅಡ್ಡ ಬರತಾನ?’ ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರು ಕಾಲೇಜಿನಲ್ಲೇ ಓದಿ ಮುಗಿಸಿದವರು. ‘ಮುಂದ ಓದೋ ತಮ್ಮಾ’ ಅಂದು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು, ತಮಗೆ ಗುಡಸೀಕರನ ಮೇಲೆ ಒಂದು ದಿನವೂ ಹೀಗೆ ಪ್ರೀತಿ ಹುಟ್ಟಿರಲಿಲ್ಲ ಎಂದು. ಅವರು ಪುಸ್ತಕ ಹಿಡಿಯುವ ಮೊದಲೇ ಗೈಡು ಹಿಡಿದಿದ್ದರು, ಅದರಲ್ಲಿ ‘ಆಧುನಿಕತೆಯ ದಾಳಿಗೆ ನಲುಗಿದ ಗ್ರಾಮ’ ಎಂಬ ಸಾಲು ತಯಾರಿತ್ತು.

ಆ ಸಾಲು ತಪ್ಪಲ್ಲ. ಆದರೆ ಅರ್ಧದಾರಿಯಲ್ಲಿ ಗುಡಸೀಕರನನ್ನು ನಂಬದವನಿಗೆ ಅದು ಬರೀ ಮಾಹಿತಿ. ನಂಬಿ, ಆಮೇಲೆ ಅನುಮಾನಪಟ್ಟು, ಸಿಟ್ಟಾಗಿ ಅಲ್ಲಿಗೆ ತಲುಪಿದವನಿಗೆ ಅದೇ ಸಾಲು ಅನುಭವ. ಮುಗಿಸಿದವರು ನಮಗೆ ತೀರ್ಪು ಕೊಡುತ್ತಾರೆ, ನಡುವೆ ಇರುವವರು ವ್ಯಾಜ್ಯವನ್ನೇ ತಂದು ಮುಂದಿಡುತ್ತಾರೆ. ನನಗೆ ವ್ಯಾಜ್ಯವೇ ಬೇಕು.

ಇದಕ್ಕೊಂದು ಗಟ್ಟಿ ಆಕ್ಷೇಪ ಉಂಟು. ಕಾದಂಬರಿ ಒಂಟಿಯಾಗಿ ಓದುವ ಪ್ರಕಾರ, ಅದನ್ನು ಸಭೆಗೆ ಎಳೆಯುವುದೇಕೆ? ಗೋಕಾಕ, ಮೂಡಲಗಿ ಸೀಮೆಯವರಿಗೆ ಈ ಪ್ರಶ್ನೆ ಇನ್ನೂ ಚೆನ್ನಾಗಿ ಅರ್ಥವಾಗಬೇಕು. ಇದು ಕುಲಗೋಡ ತಮ್ಮಣ್ಣನ ನೆಲ, ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ನೆಲ. ಪಾರಿಜಾತ ನೋಡಲು ಕೂತ ಮಂದಿಗೆಲ್ಲ ಕತೆ ಮೊದಲೇ ಗೊತ್ತು. ಹೂವು ಯಾರ ಕೈಸೇರಿತು, ಭಾಮೆ ಯಾಕೆ ಮುನಿದಳು ಎಂಬುದು ಅಲ್ಲಿ ಗುಟ್ಟಲ್ಲ. ‘ಕೊನೆ ಹೇಳಬ್ಯಾಡ್ರಿ’ ಎಂದು ಯಾರೂ ಕೈ ಅಡ್ಡ ಮಾಡುವುದಿಲ್ಲ. ಕತೆ ಗೊತ್ತಿದ್ದೂ ಬೆಳಗಿನ ತನಕ ಒಟ್ಟಿಗೆ ಕೂಡುತ್ತಿದ್ದರು. ಕಾದಂಬರಿ ಇದನ್ನು ತಿರುವಿ ಹಾಕಿತು: ಕೊನೆ ಗೊತ್ತಿಲ್ಲ, ಜೊತೆಗೂ ಯಾರಿಲ್ಲ. ಒಂಟಿತನ ಅದರ ಗುಣ, ಒಪ್ಪಿದೆ. ಆದರೆ ತಿಳಿಯದೆ ಇರುವುದನ್ನೂ ಒಬ್ಬರೇ ಹೊರಬೇಕೆಂದು ನಿಯಮ ಮಾಡಿದವರು ಯಾರು? ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರುತ್ತಿದ್ದ ಕಾಲಕ್ಕೆ ಊರಿನ ಓದುಗರೆಲ್ಲ ಒಂದೇ ಕಂತಿನ ಅಂಚಿನಲ್ಲಿ ನಿಂತಿರುತ್ತಿದ್ದರು. ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಮುಂದಿನ ವಾರ ಏನಾದೀತು ಎಂಬ ಜಗಳದಲ್ಲಿ ಮಾಸ್ತರರಿಗೂ ಕಿರಾಣಿ ಅಂಗಡಿಯವರಿಗೂ ಒಂದೇ ಹಕ್ಕು.

ಗಡಿಯ ಊರಿನಲ್ಲಿ ಇನ್ನೊಂದು ಸಂಗತಿ ಇದೆ. ಪಕ್ಕದ ಮನೆಯವರು ಓದುವುದು ಮರಾಠಿ. ಅವರಿಗೆ ನನ್ನ ಪುಸ್ತಕ ಕೊಟ್ಟರೆ ಉಪಯೋಗವಿಲ್ಲ, ಬಾಯಿಂದ ಹೇಳಲೇಬೇಕು. ಇಂಥ ಹೇಳುವಿಕೆ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಬೆಳಗಾವಿ ಮೂಲದ ಉಮಾ ಕುಲಕರ್ಣಿ ಅವರೇ ಸಾಕ್ಷಿ. ಕನ್ನಡ ಲಿಪಿಯ ಓದು ಅವರಿಗೆ ರೂಢಿಯಿರಲಿಲ್ಲ. ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡ ಪುಸ್ತಕ ಗಟ್ಟಿಯಾಗಿ ಓದುವುದು, ಅದನ್ನು ಕೇಳಿಕೊಂಡು ಇವರು ಮರಾಠಿಯಲ್ಲಿ ಬರೆಯುವುದು. ಹೀಗೆ ಕಾರಂತರು, ಭೈರಪ್ಪನವರು ಮಹಾರಾಷ್ಟ್ರದ ಮನೆಮನೆಗೆ ಹೋದರು. ‘ವಂಶವೃಕ್ಷ’ದ ಅನುವಾದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಪ್ರಶಸ್ತಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೋಣೆ. ಓದುವವರು ಯಾವ ಸಾಲಿನಲ್ಲಿದ್ದಾರೋ ಕೇಳುವವರೂ ಅದೇ ಸಾಲಿನಲ್ಲಿ. ಕಣ್ಣು ಹಾರಿಸಿ ಕೊನೆಯ ಪುಟ ನೋಡುವ ದಾರಿಯೇ ಕೇಳುವವರಿಗಿಲ್ಲ.

ಇದರ ಎದುರಿಗೆ ನಮ್ಮ ಪುಸ್ತಕ ಪರಿಚಯದ ಕಾರ್ಯಕ್ರಮಗಳನ್ನು ಇಟ್ಟು ನೋಡಿ. ಹಾರ, ಶಾಲು, ಅಧ್ಯಕ್ಷರ ನುಡಿ. ವೇದಿಕೆಯ ಮೇಲೆ ‘ನಾನಿನ್ನೂ ಅರ್ಧ ಓದೀನಿ’ ಅಂದವರನ್ನು ನಾನು ಕಂಡಿಲ್ಲ, ಹಾಗೆಂದು ಎಲ್ಲರೂ ಪೂರ್ತಿ ಓದಿ ಬಂದಿರುತ್ತಾರೆ ಎಂದೂ ಅಲ್ಲ. ಹೆಸರು ಉದುರಿಸುವ ಓದುಗರೂ ಇದೇ ಜಾತಿ. ಅವರ ಪಟ್ಟಿ ಕೇಳಿದ ಮೇಲೆ ನಮಗೆ ಉಳಿಯುವುದು ಅವರ ಬಗ್ಗೆ ಒಂದು ಅಭಿಪ್ರಾಯ. ಪುಸ್ತಕದ ಬಗ್ಗೆ ಏನೂ ಇಲ್ಲ.

ಅರ್ಧ ಓದಿದವರಿಗೆ ಮಾತಿನ ಹಕ್ಕು ಕೊಟ್ಟ ಮೇಲೆ ಅರ್ಧಕ್ಕೇ ಬಿಟ್ಟವರಿಗೂ ಕೊಡಬೇಕಾಗುತ್ತದೆ. ಷರತ್ತು ಒಂದೇ, ಎಲ್ಲಿ ಬಿಟ್ಟರು, ಯಾಕೆ ಬಿಟ್ಟರು ಎಂದು ಹೇಳಬೇಕು. ಖಾಂಡೇಕರರ ‘ಯಯಾತಿ’ಯನ್ನು ಗೆಳೆಯರೊಬ್ಬರು ಬದಿಗಿಟ್ಟಿದ್ದಾರೆ. ಕಾರಣ ಕೇಳಿದರೆ, ‘ಆ ರಾಜಾ ತನ್ನ ತಪ್ಪಿಗೆಲ್ಲಾ ತಾನ ವಕೀಲ ಆಗ್ಯಾನ್ರಿ, ಸಾಕಾತು’ ಅಂದರು. ಅವರ ದೂರು ಸರಿಯೇ, ಆ ಕಾದಂಬರಿಯ ಮರ್ಮಕ್ಕೇ ಕೈ ಹಾಕಿದ ದೂರು. ಆದರೆ ಅಲ್ಲಿ ದೇವಯಾನಿಯೂ ಶರ್ಮಿಷ್ಠೆಯೂ ತಮ್ಮ ತಮ್ಮ ಬಾಯಿಂದಲೇ ಕತೆ ಹೇಳುತ್ತಾರೆ. ಅವರ ಪಾಳಿ ಪೂರ್ತಿ ಕೇಳದೆ ನಮ್ಮ ಗೆಳೆಯರು ಎದ್ದುಬಂದಿದ್ದಾರೆ. ಗೆಳೆಯರಿಗೆ ಅಷ್ಟನ್ನು ಮಾತ್ರ ಹೇಳಿದ್ದೇನೆ, ಆ ಇಬ್ಬರು ಹೆಣ್ಣುಮಕ್ಕಳು ಏನು ಹೇಳುತ್ತಾರೆಂದು ಹೇಳಿಲ್ಲ.